ಬಂಗಾರದ ಎಲೆಯ ಮೇಲೆ ಹರಿದ ಕಿಡಿ

ಬೆಳಗಿನ ಆರು ಗಂಟೆ. ನಮ್ಮ ಪಿಂಗಾಣಿಯ ಊರು ಲಾಂಗ್ಟನ್ನಿನ ಭಟ್ಟಿಗಳು ಆಗಲೇ ಹೊಗೆ ಕಾರುತ್ತಿವೆ. ಹೊರಗೆ ಬೆಳಕು ಹರಿದಿದೆಯೋ ಇಲ್ಲವೋ ಎಂದು ಈ ಊರಿನಲ್ಲಿ ಯಾವತ್ತೂ ಖಚಿತವಾಗಿ ಹೇಳಲಾಗುವುದಿಲ್ಲ. ಸೆಲೀನಾ ಬ್ಲೂರ್‌ಗೆ ಅದರ ಗೊಡವೆಯೂ ಬೇಕಿಲ್ಲ. ಆಕೆ ಕೂರುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದಕ್ಕೂ ಡಾಂಬರು ಬಳಿದು ಮುಚ್ಚಿದ್ದಾರೆ. ಕತ್ತಲಲ್ಲಿ ಆಕೆಯ ಎಡಗೈ ತಟ್ಟೆಯಿಂದ ಒಂದು ಸ್ಪಾರ್ಕ್ ಪ್ಲಗ್ ಎತ್ತಿಕೊಳ್ಳುತ್ತದೆ. ಕನ್ನಡಕ ಒರೆಸುವವರ ಹಾಗೆ ಅದರ ಪಿಂಗಾಣಿಯ ಮೇಲೆ "ಹಾ" ಎಂದು ಬಿಸಿಯುಸಿರು ಬಿಡುತ್ತಾಳೆ. ಅದನ್ನು ಕಬ್ಬಿಣದ ಗಡಿಗೆಯ ಬಾಯಿಗೆ ತಿರುಗಿಸಿ ಬಿಗಿದು, ಕಾಲಿನಿಂದ ಪಂಪು ಒತ್ತಿ ಗಡಿಗೆಯೊಳಗೆ ಗಾಳಿ ತುಂಬಿ, ಬಲಗೈಯಿಂದ ಹಿಡಿಕೆ ತಿರುಗಿಸುತ್ತಾಳೆ. ಗಡಿಗೆಯ ಗಾಜಿನ ಕಿಂಡಿಯಲ್ಲಿ ನೀಲಿ ಕಿಡಿ ಟಕಟಕನೆ ಹಾರುತ್ತದೆ. ಮೇಲೆ ಕಾಣುವ ಪಿಂಗಾಣಿಯ ಮೈ ಕತ್ತಲಾಗಿಯೇ ಉಳಿದರೆ ಪ್ಲಗ್ ಬಲಗಡೆಯ ತಟ್ಟೆಗೆ. ಅಲ್ಲಿ ಕೂದಲೆಳೆಯಷ್ಟು ಬೆಳಕು ಹರಿದಾಡಿದರೂ ಎಡಗಡೆಯ ಬಕೆಟ್ಟಿಗೆ.

ಅಷ್ಟರಲ್ಲಿ ಯಾರೋ ಬಾಗಿಲು ತೆಗೆಯುತ್ತಾರೆ. ದಿನಾ ತೆಗೆಯುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ತಟ್ಟಿ, ಕಾಯಿರಿ" ಎಂದು ಬರೆದಿದೆ. ಕಾರ್ಖಾನೆಯಲ್ಲಿ ಓದು ಬಾರದವರು ಬಹಳ ಕಡಿಮೆ, ಆದರೂ ತಟ್ಟುವವರು ಯಾರೂ ಇಲ್ಲ. ಬೆಳಕು ಒಳಗೆ ನುಗ್ಗಿದ ಮೇಲೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕಾಯಬೇಕು. ಅಷ್ಟು ಹೊತ್ತು ಸೆಲೀನಾ ಕೈಕಟ್ಟಿಕೊಂಡು ಕೂತು, ಬಾಗಿಲು ತೆಗೆದವರ ವಂಶದ ಬಗ್ಗೆ ಒಂದೆರಡು ಮಾತಾಡುತ್ತಾಳೆ. ಈ ಲೇಖನಕ್ಕಾಗಿ ಹೋದವರಿಗೂ ಅದೇ ಮರ್ಯಾದೆ ಸಿಕ್ಕಿತು.

"ಒಳಗೆ ಬನ್ನಿ, ಬಂದಾಯ್ತಲ್ಲ. ಬಾಗಿಲು ಹಾಕಿ. ಸ್ಟೂಲು ಅಲ್ಲಿದೆ, ಎಡವಬೇಡಿ. ಬಕೆಟ್ಟಿಗೆ ಕಾಲು ಹಾಕಿದ್ರೆ ನಿಮ್ಮ ಕೈಲೇ ಆರಿಸ್ತೀನಿ" ಎನ್ನುತ್ತಾಳೆ.

ವಿಮಾನ ಹಾರಿಸಿದವರ ಫೋಟೋ ಪತ್ರಿಕೆಯಲ್ಲಿ ನೋಡುತ್ತಲೇ ಇದ್ದೇವೆ. ಚರ್ಮದ ಟೋಪಿ, ಕನ್ನಡಕ, ನಗು. ಈಗ ಯುದ್ಧ ಮುಗಿದು, ಅದೇ ವಿಮಾನಗಳು ಅಂಚೆಯ ಚೀಲಗಳನ್ನೂ ಇಬ್ಬರೋ ಮೂವರೋ ಧೈರ್ಯಸ್ಥ ಪ್ರಯಾಣಿಕರನ್ನೂ ಹೊತ್ತು ಕಡಲ್ಗಾಲುವೆ ದಾಟಿ ಪ್ಯಾರಿಸ್ಸಿಗೆ ಹೋಗುತ್ತಿವೆ. ಅವುಗಳ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಬೆರಳುದ್ದದ ಪ್ಲಗ್ಗುಗಳಿವೆ. ಅದರ ತುದಿಯಲ್ಲಿ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಕೆಳಗಿರುವುದು ತಣ್ಣೀರು. ಕಿಡಿ ತುದಿಯಲ್ಲಲ್ಲದೆ ಬೇರೆಲ್ಲೂ ಹಾರದ ಹಾಗೆ ತಡೆಯುವುದು ನಡುವಿನ ಬಿಳಿ ಪಿಂಗಾಣಿ ಕೊಳವೆ. ಅದು ತಯಾರಾಗುವುದು ನಮ್ಮೂರಿನಲ್ಲಿ, ಚಹಾ ಬಟ್ಟಲು ಮಾಡುತ್ತಿದ್ದ ಕೈಗಳಲ್ಲಿ. ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಕೊನೆಗೆ ಹೇಳುವವಳು, ದಿನಕ್ಕೆ ಹೆಚ್ಚುಕಡಿಮೆ ಮುನ್ನೂರು ಪ್ಲಗ್ಗುಗಳ ಮೇಲೆ ಉಸಿರು ಬಿಡುವ ಈ ಮೂವತ್ತನಾಲ್ಕರ ಹೆಂಗಸು. ಆಕೆಯ ಫೋಟೋ ಯಾರೂ ತೆಗೆದಿಲ್ಲ. ಕತ್ತಲಲ್ಲಿ ತೆಗೆಯಲು ಆಗುವುದಿಲ್ಲ ಎಂಬುದೂ ಒಂದು ಕಾರಣ.

"ಕಿಡಿ ಅನ್ನೋದು ಮಹಾ ಸೋಮಾರಿ" ಎಂದು ಸೆಲೀನಾ ಹಿಡಿಕೆ ತಿರುಗಿಸುತ್ತಲೇ ವಿವರಿಸುತ್ತಾಳೆ. "ಹತ್ತಿರದ ದಾರಿ ಸಿಕ್ಕಿದ್ರೆ ಅದು ತನ್ನ ಕೆಲಸದ ಜಾಗಕ್ಕೆ ಹೋಗೋದೇ ಇಲ್ಲ. ನಮ್ಮ ಪ್ಯಾಕಿಂಗ್ ರೂಮಿನವರ ಥರ."

ಸೆಲೀನಾ ಹುಟ್ಟಿದ್ದು ಈ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ. ತಾಯಿ ಬೇಗ ಹೋದಳು. ಸಾಕಿದವಳು ತಾಯಿಯ ಅಕ್ಕ ಕೆಜಾಯಾ ಟ್ಯಾಮ್ಸ್. ಈ ದೊಡ್ಡಮ್ಮ ಬಟ್ಟಲು ತಟ್ಟೆಗಳಿಗೆ ಬಂಗಾರದ ನೀರಿನ ಕುಸುರಿ ಬರೆಯುವವಳು. ಹದಿಮೂರಕ್ಕೇ ಸೆಲೀನಾಳನ್ನೂ ತನ್ನ ಬೆಂಚಿಗೆ ಎಳೆದುಕೊಂಡು ಎಲೆ, ಬಳ್ಳಿ, ಅಂಚು ಕಲಿಸಿದಳು. ದೊಡ್ಡಮ್ಮ ಎಡಚಿ. ಊರಿನ ಎಲ್ಲರ ಎಲೆಯ ತುದಿ ಬಲಕ್ಕೆ ಬಾಗಿದರೆ ಆಕೆಯದು ಎಡಕ್ಕೆ ಬಾಗುತ್ತದೆ. ಬಲಗೈಯವಳಾದ ಸೆಲೀನಾಗೆ ಆ ಎಡ ಬಾಗಿನ ಎಲೆ ಕೊನೆಗೂ ಬರಲಿಲ್ಲ, ಅದಕ್ಕಾಗಿ ತಿಂದ ಮೊಟಕುಗಳು ಮಾತ್ರ ಇನ್ನೂ ನೆನಪಿವೆ.

ಯುದ್ಧ ಬಂತು, ಬಂಗಾರ ನಿಂತಿತು, ಬಟ್ಟಲು ಕೊಳ್ಳುವವರೂ ನಿಂತರು. ಕಾರ್ಖಾನೆಯ ಒಂದು ಭಾಗ ಪ್ಲಗ್ಗಿನ ಪಿಂಗಾಣಿಗೆ ತಿರುಗಿತು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು ಎಂದು ಸೆಲೀನಾಳನ್ನು ಪರೀಕ್ಷೆಯ ಕೋಣೆಗೆ ಹಾಕಿದರು. ಮೊದಮೊದಲು ಆಕೆ ಕುಂಬಾರ ಹೆಂಗಸರ ಹಳೆಯ ರೀತಿಯಲ್ಲೇ ನೋಡುತ್ತಿದ್ದಳು. ಬೆರಳ ಗೆಣ್ಣಿನಿಂದ ತಟ್ಟಿ ದನಿ ಕೇಳುವುದು, ಒಡೆದ ಚೂರನ್ನು ನಾಲಿಗೆಗೆ ಮುಟ್ಟಿಸುವುದು. ಸರಿಯಾಗಿ ಬೇಯದ ಪಿಂಗಾಣಿ ನಾಲಿಗೆಗೆ ಅಂಟುತ್ತದೆ, ಬೆಂದದ್ದು ಜಾರುತ್ತದೆ. ಆಮೇಲೆ ಪಂಪು, ಗಡಿಗೆ, ಹಿಡಿಕೆ ಎಲ್ಲ ಬಂದವು. ಉಸಿರು ಬಿಡುವ ಕ್ರಮ ಮಾತ್ರ ಯಾರೂ ಹೇಳಿಕೊಟ್ಟಿದ್ದಲ್ಲ. ಅದು ಹೋದ ಫೆಬ್ರವರಿಯಲ್ಲಿ ಶುರುವಾದದ್ದು. ಆ ಫೆಬ್ರವರಿಯ ಮಾತೆತ್ತಿದರೆ ಸೆಲೀನಾಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ಕಥೆಗೆ ಮೊದಲು ನಮ್ಮೂರಿನ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಪದ್ಧತಿ ಎನ್ನುವುದಕ್ಕೂ ನಾಲಿಗೆ ಕಹಿಯಾಗುತ್ತದೆ. ಇಲ್ಲಿ ಕೂಲಿ ಕೊಡುವುದು ಮಾಡಿದ್ದಕ್ಕಲ್ಲ, ಭಟ್ಟಿಯಿಂದ ಚೆನ್ನಾಗಿ ಹೊರಬಂದದ್ದಕ್ಕೆ. ಲೇತಿನ ಮುಂದೆ ನಿಂತು ಕೊಳವೆ ಕಡೆಯುವ ಹೆಂಗಸು ತನ್ನ ಕೆಲಸವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿರಬಹುದು. ಭಟ್ಟಿಯೊಳಗೆ ಎಲ್ಲಿಂದಲೋ ಕಬ್ಬಿಣದ ಕಣವೊಂದು ಹಾರಿ ಬಂದು ಅದರ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಎದ್ದರೆ ಆ ಕೊಳವೆಯ ಕೂಲಿ ಇಲ್ಲ. ಅವಳ ಅಮ್ಮನ ಕಾಲದಲ್ಲೂ ಹೀಗೆಯೇ, ಅಜ್ಜಿಯ ಕಾಲದಲ್ಲೂ ಹೀಗೆಯೇ. ಕಾರ್ಮಿಕ ಸಂಘದವರು ಇದರ ವಿರುದ್ಧ ಕೂಗಾಡಿ ಗಂಟಲು ಕಟ್ಟಿಸಿಕೊಂಡಿದ್ದಾರೆ. ಹೀಗಾಗಿ ಸೆಲೀನಾ ಎಡಗಡೆಯ ಬಕೆಟ್ಟಿಗೆ ಹಾಕಿದ ಒಂದೊಂದು ಪ್ಲಗ್ಗೂ ಪಕ್ಕದ ಮನೆಯ ಯಾರದೋ ಹೊಟ್ಟೆಯ ಮೇಲೆ ಹೊಡೆದಂತೆಯೇ. ಚ್ಯಾಪೆಲ್ಲಿನ ಪ್ರಾರ್ಥನೆಯಲ್ಲಿ ಆಕೆಯ ಪಕ್ಕದ ಜಾಗ ಖಾಲಿ ಉಳಿಯುವುದು ಸುಮ್ಮನೆ ಅಲ್ಲ.

ಈಗ ಫೆಬ್ರವರಿಗೆ ಬರೋಣ. ಜನವರಿಯ ಚಳಿ ಒಣ ಚಳಿ. ಆಗ ಎಲ್ಲವೂ ಸರಿಯಿತ್ತು, ಬಕೆಟ್ಟು ಹೆಚ್ಚು ತುಂಬುತ್ತಿರಲಿಲ್ಲ. ಫೆಬ್ರವರಿಯಲ್ಲಿ ಮಳೆ ಹಿಡಿಯಿತು, ಗೋಡೆಗಳು ಬೆವರಿದವು, ಪ್ಲಗ್ಗುಗಳು ಸಾಲಾಗಿ ಸೋಲತೊಡಗಿದವು. ಅದೂ ಒಂದು ದಿನ ಕೆಟ್ಟರೆ ಇನ್ನೊಂದು ದಿನ ಸರಿ. ಕತ್ತಲಲ್ಲಿ ಮಿಣುಕು ಕಾಣುತ್ತಿತ್ತು, ಮರುಕ್ಷಣ ಮಾಯವಾಗುತ್ತಿತ್ತು. ಸೆಲೀನಾ ತಲೆ ಚಚ್ಚಿಕೊಂಡಳು. ಪಿಂಗಾಣಿ ಸರಿಯಾಗಿ ಬೇಯದೆ ತೇವ ಕುಡಿಯುತ್ತಿದೆ ಎಂದು ತೀರ್ಮಾನಿಸಿ ಸೀದಾ ಭಟ್ಟಿಯವನ ಮೇಲೆ ಹೋದಳು.

ಭಟ್ಟಿಯ ಜೇಬೆಜ್ ಸಾಲ್ಟ್ ಎಂದರೆ ಬೆಂಕಿಯ ಬಣ್ಣ ನೋಡಿ ಬಿಸಿ ಹೇಳುವ ಹಳೆಯ ಕೈ. ಸೆಲೀನಾಗೆ ಚಿಕ್ಕಂದಿನಿಂದಲೂ ಆತ "ಜೇಬೆಜ್ ಮಾಮ". ಆವತ್ತು ಅಂಗಳದಲ್ಲಿ ಎಲ್ಲರೆದುರು "ಸಾಲ್ಟ್ ಅವರೇ" ಎಂದು ಕರೆದಾಗಲೇ ಏನೋ ಗ್ರಹಚಾರ ಕಾದಿದೆ ಎಂದು ಜನಕ್ಕೆ ಗೊತ್ತಾಯಿತು. ಕಲ್ಲಿದ್ದಲು ಉಳಿಸಲು ಬೇಗ ಬೆಂಕಿ ಆರಿಸುತ್ತಿದ್ದೀರಿ ಎಂದು ಆಕೆ ನೇರವಾಗಿಯೇ ಆಪಾದಿಸಿದಳು. ಜೇಬೆಜ್ ಸುತ್ತಿಗೆ ತಂದ. ಆಕೆಯ ಬಕೆಟ್ಟಿನಿಂದಲೇ ಒಂದು ಪ್ಲಗ್ ತೆಗೆದು, ಪಿಂಗಾಣಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದು, ಚೂರನ್ನು ಆಕೆಯ ಮುಂದೆ ಹಿಡಿದ.

"ನಾಲಿಗೆ ಬಹಳ ಉದ್ದ ಆಗಿದೆಯಲ್ಲ, ಸ್ವಲ್ಪ ಇದಕ್ಕೂ ಮುಟ್ಟಿಸು" ಎಂದ.

ಮುಟ್ಟಿಸಿದಳು. ಚೂರು ಜಾರಿತು. ಇನ್ನೊಂದು ಒಡೆದ, ಅದೂ ಜಾರಿತು. ಪಿಂಗಾಣಿ ಚೆನ್ನಾಗಿಯೇ ಬೆಂದಿತ್ತು. ಅಂಗಳದಲ್ಲಿ ನಿಂತಿದ್ದ ಹೆಂಗಸರು ಎರಡು ವಾರ ಅದನ್ನೇ ಹೇಳಿಕೊಂಡು ನಕ್ಕರು. ಜೇಬೆಜ್ ಸೆಲೀನಾಳ ಜೊತೆ ಮಾತು ಬಿಟ್ಟ. ತಪ್ಪಾಯಿತು ಎಂದು ಹೇಳಬೇಕಿತ್ತು, ಆಕೆ ಹೇಳಲಿಲ್ಲ. ಪ್ಲಗ್ಗುಗಳು ಸೋಲುವುದೂ ನಿಲ್ಲಲಿಲ್ಲ.

"ತಪ್ಪು ಒಪ್ಪಿಕೊಳ್ಳೋಕೆ ನಂಗೇನೂ ಕಷ್ಟ ಇಲ್ಲ" ಎನ್ನುತ್ತಾಳೆ ಈಗ. "ಆದ್ರೆ ಮೊದ್ಲು ಸರಿ ಯಾವ್ದು ಅಂತ ಗೊತ್ತಾಗ್ಬೇಕಲ್ಲ. ಗೊತ್ತಾಗದೆ ಇರೋವಾಗ ಏನಂತ ಒಪ್ಕೊಳ್ಳೋದು?"

ಗೊತ್ತಾದದ್ದು ನೆಗಡಿಯಿಂದ. ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ, ಎಲ್ಲ ಪ್ಲಗ್ಗೂ ಸಲೀಸಾಗಿ ಪಾಸಾಗುತ್ತಿದ್ದಾಗ, ಹಿಡಿಕೆ ತಿರುಗಿಸುತ್ತಿದ್ದ ಸೆಲೀನಾಗೆ ಕೆಮ್ಮು ಬಂತು. ಬಾಯಿಗೆ ಅಡ್ಡ ಇಡಲು ಕೈ ಬಿಡುವಿರಲಿಲ್ಲ. ಕೆಮ್ಮಿದ ಉಸಿರು ನೇರ ಪಿಂಗಾಣಿಯ ಮೇಲೆ ಬಿತ್ತು. ಆಗ ಗಡಿಗೆಯೊಳಗಿನ ಕಿಡಿ ಸತ್ತು, ಹೊರಗೆ ಬಿಳಿ ಮೈಯ ಮೇಲೆ ನೀಲಿ ಎಳೆಯೊಂದು ಮೇಲಿನಿಂದ ಕೆಳಕ್ಕೆ ಹರಿಯಿತು. ಅದು ನೆಟ್ಟಗೆ ಹರಿಯಲಿಲ್ಲ. ಬಳಸಿಕೊಂಡು ಹರಿಯಿತು. ಒಂದು ಕಡೆ ಅಗಲವಾಗಿ, ತುದಿಯಲ್ಲಿ ಚೂಪಾಗಿ, ಎಡಕ್ಕೆ ಬಾಗಿ. ಸೆಲೀನಾ ಹಿಡಿಕೆ ಬಿಟ್ಟು, ಬಾಗಿಲನ್ನು ತಾನೇ ತೆರೆದು, ಪ್ಲಗ್ಗನ್ನು ಬೆಳಕಿಗೆ ಹಿಡಿದಳು.

ಪ್ರತಿ ಪ್ಲಗ್ಗಿನ ಮೇಲೂ ಕಾರ್ಖಾನೆಯ ಗುರುತಿರುತ್ತದೆ: ಮೂರೆಲೆಯ ಪುಟ್ಟ ಕುಡಿ, ಬಂಗಾರದ್ದು. ಯುದ್ಧ ಮುಗಿದ ಮೇಲೆ ಮಾಲೀಕರ ಹಠಕ್ಕಾಗಿ ಶುರುವಾದದ್ದು ಅದು. ತಮ್ಮ ಚಹಾ ಸೆಟ್ಟಿನ ಗುರುತು ಮುಗಿಲಿಗೂ ಹೋಗಲಿ ಎಂಬ ಆಸೆ ಅವರಿಗೆ. ಕಾರ್ಖಾನೆಯ ಎಂಜಿನಿಯರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕುಡಿ ಮೇಲ್ತುದಿಯಲ್ಲೇ ಇರಬೇಕು, ಕೆಳಗಿನ ಲೋಹಕ್ಕೂ ಅದಕ್ಕೂ ನಡುವೆ ಬಿಳಿ ಜಾಗ ಬೇಕಾದಷ್ಟು ಉಳಿಯಬೇಕು. ಬಂಗಾರ ಎಷ್ಟು ತೆಳುವಾದರೂ ಲೋಹವೇ, ಕಿಡಿಗೆ ರಾಜಬೀದಿ. ಸೆಲೀನಾಳ ಕೈಯಲ್ಲಿದ್ದ ಪ್ಲಗ್ಗಿನ ಕುಡಿಗೆ ನಾಲ್ಕು ಎಲೆಯಿತ್ತು. ನಾಲ್ಕನೆಯದು ಉದ್ದ ತೊಟ್ಟಿನ ಮೇಲೆ ಕೆಳಕ್ಕೆ ಇಳಿಬಿದ್ದಿತ್ತು. ಉಗುರಿನಿಂದ ಕೆರೆದರೆ ಅದರಡಿಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ.

ಮಳೆಯ ದಿನಗಳಲ್ಲಿ ತುಂಬಿದ್ದ ಬಕೆಟ್ಟು ಸುರಿದು ನೋಡಿದಳು. ಅದರಲ್ಲಿದ್ದವುಗಳಲ್ಲಿ ಬಹುಪಾಲು ನಾಲ್ಕೆಲೆಯವು, ಕೆಲವಕ್ಕೆ ಐದು. ಎಲ್ಲದರ ತುದಿಯೂ ಎಡಕ್ಕೆ ಬಾಗಿತ್ತು.

ಹೊರಗಿನವರಿಗೆ ಇದು ಹುಚ್ಚಾಟದಂತೆ ಕಾಣಬಹುದು. ನಮ್ಮೂರಿನವರಿಗೆ ಕಾಣುವುದಿಲ್ಲ. ಬಟ್ಟಲಿನ ಮೇಲೆ ಚುಕ್ಕೆ ಎದ್ದರೆ ಅದರ ಮೇಲೊಂದು ಎಲೆಯೋ ಚಿಟ್ಟೆಯೋ ಬರೆದು ಮುಚ್ಚುವುದು ಇಲ್ಲಿ ಕಳ್ಳತನವಲ್ಲ, ಉಪಕಾರ. ಬಟ್ಟಲು ಉಳಿಯುತ್ತದೆ, ಮಾಡಿದವಳ ಕೂಲಿಯೂ ಉಳಿಯುತ್ತದೆ. ನಿಮ್ಮ ಮನೆಯ ಒಳ್ಳೆಯ ಸೆಟ್ಟು ತೆಗೆದು ನೋಡಿ, ಒಂದು ಬಟ್ಟಲಿನಲ್ಲಾದರೂ ಒಂದು ಎಲೆ ಹೆಚ್ಚಿರುತ್ತದೆ. ಪ್ಲಗ್ಗಿನ ಕುಡಿಯನ್ನೂ ಬರೆಯುತ್ತಿದ್ದ ಕೆಜಾಯಾ ಟ್ಯಾಮ್ಸ್, ನಲವತ್ತು ವರ್ಷ ಬಟ್ಟಲಿಗೆ ಮಾಡಿದ್ದನ್ನೇ ಇಲ್ಲೂ ಮಾಡಿದ್ದಳು. ಕೊಳವೆ ಕಡೆಯುವ ಹುಡುಗಿಯರು ಬಂದು ಕೇಳಿಕೊಳ್ಳಬೇಕೆಂದೂ ಇರಲಿಲ್ಲ. ಚುಕ್ಕೆ ಕಂಡರೆ ಆಕೆಯ ಕುಂಚ ತಾನಾಗಿಯೇ ಅತ್ತ ಹೋಗುತ್ತಿತ್ತು. ಸೆಲೀನಾಳ ಕಣ್ಣಿಗೆ ಇಷ್ಟು ದಿನ ಬೀಳದಿದ್ದದ್ದೂ ಅದಕ್ಕೇ. ಹೆಚ್ಚಿನ ಎಲೆಯನ್ನು ದೋಷ ಎಂದು ನೋಡುವ ಕಣ್ಣು ಆಕೆಗೂ ಇರಲಿಲ್ಲ.

ಜಗಳ ಮನೆಯಲ್ಲೇ ಆಗಬಹುದಿತ್ತು, ಇಬ್ಬರೂ ಒಂದೇ ಒಲೆಯ ಮುಂದೆ ಉಣ್ಣುವವರು. ಸೆಲೀನಾಗೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ದೊಡ್ಡಮ್ಮನನ್ನು ಬಂಗಾರದ ಬೆಂಚಿನಿಂದ ಎಬ್ಬಿಸಿ, ಕುಂಚ ಕೈಯಲ್ಲಿದ್ದಂತೆಯೇ ಕೈಹಿಡಿದು ಕತ್ತಲ ಕೋಣೆಗೆ ಕರೆತಂದಳು. ನಾಲ್ಕೆಲೆಯ ಪ್ಲಗ್ ಬಿಗಿದು, ಉಸಿರು ಬಿಟ್ಟು, ಹಿಡಿಕೆ ತಿರುಗಿಸಿದಳು. ನೀಲಿ ಬೆಳಕು ತೊಟ್ಟಿನುದ್ದಕ್ಕೂ ಇಳಿದು ಎಲೆಯ ಅಂಚನ್ನೆಲ್ಲ ಸುತ್ತಿ ಕೆಳಕ್ಕೆ ಹಾರಿತು.

"ಎಷ್ಟು ಚೆಂದ ಕಾಣ್ತಿದೆ ನೋಡೇ" ಎಂದಳು ದೊಡ್ಡಮ್ಮ.

ಸೆಲೀನಾಗೆ ಅಳು ಬಂತೋ ನಗು ಬಂತೋ ಆಕೆಗೇ ಗೊತ್ತಿಲ್ಲ. ಅದು ಚೆಂದವಲ್ಲ, ಎಂಜಿನ್ನು ನಿಲ್ಲುವುದು ಹೀಗೇ ಎಂದು ಹಲ್ಲು ಕಚ್ಚಿಕೊಂಡು ವಿವರಿಸಿದಳು. ದೊಡ್ಡಮ್ಮ ಮೊದಲು ವಾದಕ್ಕಿಳಿದಳು. ಸಾಸಿವೆಯಷ್ಟು ಚುಕ್ಕೆಗೆ ಆ ಹೆಣ್ಣುಮಕ್ಕಳ ಕೂಲಿ ಹೋಗುವುದು ನ್ಯಾಯವೇ ಎಂದು ಕೇಳಿದಳು. ತನ್ನ ಎಲೆ ಬಿದ್ದ ಬಟ್ಟಲುಗಳಲ್ಲಿ ದೊಡ್ಡ ದೊಡ್ಡ ಮನೆಯವರು ಚಹಾ ಕುಡಿದಿದ್ದಾರೆ, ಯಾರಿಗೂ ಏನೂ ಆಗಲಿಲ್ಲ ಎಂದಳು.

"ಬಟ್ಟಲು ಹಾರಲ್ಲ, ದೊಡ್ಡಮ್ಮ."

"ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?"

"ಪ್ಲಗ್ ಮೇಲೆ ಹೂಬಳ್ಳಿ ಬರೀಬೇಡ ಅಂತ ಹೇಳ್ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಆಮೇಲೆ ದೊಡ್ಡಮ್ಮ ಆ ಪ್ಲಗ್ಗಿನ ಕಡೆಗೆ ಬಗ್ಗಿದಳು. ಕತ್ತಲಲ್ಲಿ ಆಕೆಯ ಮುಖ ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು.

"ಇಂಥವು ಎಷ್ಟು ಹೋಗಿವೆಯೇ?" ಎಂದು ಕೇಳಿದಳು.

ಸೆಲೀನಾ ಅದನ್ನು ಯೋಚಿಸಿಯೇ ಇರಲಿಲ್ಲ. ಒಣ ಹವೆಯ ದಿನಗಳಲ್ಲಿ ನಾಲ್ಕೆಲೆಯವೂ ಆಕೆಯ ಬೆಂಚು ದಾಟಿದ್ದವು. ಇಲ್ಲಿ ಒಣಗಿದ್ದಾಗ ಪಾಸಾದದ್ದು ಅಲ್ಲಿ ಮೋಡದೊಳಗೆ ಹೊಕ್ಕಾಗ ಏನಾಗುತ್ತದೆ ಎಂಬುದು ಈಗ ಕಣ್ಣೆದುರಿಗಿತ್ತು. ಆ ವಾರದ ಎರಡು ಪೆಟ್ಟಿಗೆಗಳು ಹಿಂದಿನ ದಿನವಷ್ಟೇ ರೈಲ್ವೆ ಗೂಡ್ಸ್ ಶೆಡ್ಡಿಗೆ ಹೋಗಿದ್ದವು. ಸಂಜೆಯ ರೈಲಿಗೆ ಹತ್ತಬೇಕಿತ್ತು.

ಮ್ಯಾನೇಜರ್ ಪಾಯ್ಸರ್ ಅವರ ಕೋಣೆಗೆ ಸೆಲೀನಾ ಓಡಿದಳು, ಆಕೆಯೂ ಬಾಗಿಲು ತಟ್ಟಲಿಲ್ಲ. ಪೆಟ್ಟಿಗೆ ವಾಪಸ್ ತರಿಸಿ ಎಂದಳು. ಪಾಯ್ಸರ್ ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ಒಮ್ಮೆ ಆಗಲೇ ಸರಕು ತಡವಾಗಿದೆ, ಇನ್ನೊಮ್ಮೆ ತಡವಾದರೆ ವಿಮಾನ ಕಂಪನಿಯವರು ಪಿಂಗಾಣಿ ಬಿಟ್ಟು ಅಭ್ರಕದ ಪ್ಲಗ್ಗಿಗೆ ಹೋಗುತ್ತಾರೆ, ಅಭ್ರಕದವರು ಬಾಯಿ ತೆರೆದುಕೊಂಡು ಕಾದಿದ್ದಾರೆ, ಆಗ ಈ ವಿಭಾಗಕ್ಕೇ ಬೀಗ, ಅಷ್ಟೂ ಹೆಂಗಸರು ಮನೆಗೆ ಎಂದು ಅವರು ತಾಳ್ಮೆಯಿಂದಲೇ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: "ಅವನ್ನು ಪಾಸ್ ಮಾಡಿದ್ದು ನೀನೇ ಅಲ್ಲವೇನಮ್ಮಾ?"

ಅದು ನಿಜವಾಗಿತ್ತು. ಅದು ನಿಜವಾದದ್ದಕ್ಕೇ ಸೆಲೀನಾಗೆ ಕೋಪ ನೆತ್ತಿಗೇರಿತು. "ಹೌದು ಸಾರ್, ನಾನೇ. ಅದಕ್ಕೇ ಬಂದಿರೋದು" ಎಂದು ಹೇಳಿ ಹೊರಟಳು.

ಊಟದ ಗಂಟೆ ಬಾರಿಸಿದಾಗ ಆಕೆ ಕೆಲಸದ ಮೇಲಂಗಿಯಲ್ಲೇ ಗೂಡ್ಸ್ ಶೆಡ್ಡಿಗೆ ನಡೆದಳು. ದೊಡ್ಡಮ್ಮ ಹಿಂದೆಯೇ ಬಂದಳು, ಬರಬೇಡ ಎಂದರೂ ಬಂದಳು. ಕಲ್ಲುಹಾಸಿನ ಇಳಿಜಾರಿನಲ್ಲಿ ಮೂರನೆಯವರ ಬೂಟಿನ ಸದ್ದು ಕೇಳಿ ಇಬ್ಬರೂ ತಿರುಗಿ ನೋಡಿದರೆ, ಮೊಳೆ ಕೀಳುವ ಸಲಾಕೆ ಹಿಡಿದು ಜೇಬೆಜ್ ಸಾಲ್ಟ್. ಬಕೆಟ್ಟು ಸುರಿದಾಗಲೇ ಸುದ್ದಿ ಭಟ್ಟಿಯವರೆಗೂ ಹೋಗಿತ್ತು.

"ನಿಂಗೆ ಸಹಾಯ ಮಾಡೋಕೆ ಬಂದೆ ಅಂತ ತಿಳ್ಕೋಬೇಡ" ಎಂದ. "ನನ್ನ ಭಟ್ಟಿ ಮೇಲೆ ಬಂದಿದ್ದ ಅಪವಾದ ಹೋಗೋದನ್ನ ಕಣ್ಣಾರೆ ನೋಡ್ಬೇಕು, ಅಷ್ಟೇ."

"ತಪ್ಪಾಯ್ತು, ಜೇಬೆಜ್ ಮಾಮ."

"ಕೇಳಿಸ್ಲಿಲ್ಲ."

"ಕೇಳಿಸ್ತು ನಿಮ್ಗೆ" ಎಂದಳು ಸೆಲೀನಾ, ಮತ್ತೆ ನಡೆದಳು.

ಶೆಡ್ಡಿನ ಗುಮಾಸ್ತ ಮೊದಲು ತಕರಾರು ಮಾಡಿದ. ಆತ ಬಾಲ್ಯದಲ್ಲಿ ಕೆಜಾಯಾಳ ಭಾನುವಾರದ ಪಾಠಕ್ಕೆ ಹೋಗುತ್ತಿದ್ದವನಾದ್ದರಿಂದ ತಕರಾರು ಹೆಚ್ಚು ಹೊತ್ತು ನಡೆಯಲಿಲ್ಲ. ಜೇಬೆಜ್ ಮುಚ್ಚಳ ಕಿತ್ತ. ಒಳಗೆ ಒಂದೊಂದು ಪ್ಲಗ್ಗಿಗೂ ಮೇಣದ ಕಾಗದ ಸುತ್ತಿತ್ತು. ಒಂದೊಂದನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ಎಲೆ ಎಣಿಸಿ, ಮತ್ತೆ ಸುತ್ತಿ ಇಡುವಷ್ಟರಲ್ಲಿ ರೈಲು ಹೋಗಿ ಇನ್ನೊಂದು ರೈಲು ಬರುತ್ತಿತ್ತು. ಸೆಲೀನಾ ಎರಡನೆಯ ಸಾಲಿಗೆ ಬರುವ ಹೊತ್ತಿಗೇ ಬೆವೆತಿದ್ದಳು.

ದೊಡ್ಡಮ್ಮ ಕಾಗದ ಬಿಚ್ಚಲೇ ಇಲ್ಲ. ಪ್ಲಗ್ಗನ್ನು ಎಡಗೈಯಲ್ಲಿ ಹಿಡಿದು ಮೇಣದ ಕಾಗದದ ಮೇಲಿಂದಲೇ ಹೆಬ್ಬೆರಳನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಜಾರಿಸಿದಳು. ಬರೆದ ಬಂಗಾರ ಪಿಂಗಾಣಿಯ ಮೇಲೆ ಕೂದಲಿನಷ್ಟು ಉಬ್ಬಿರುತ್ತದೆ, ತಾನೇ ಬರೆದ ಎಲೆ ಬೆರಳಿಗೆ ಗೊತ್ತಾಗದಿರುತ್ತದೆಯೇ. "ಇದು ಸರಿ. ಇದು ಸರಿ. ಇದು ನನ್ನದು" ಎನ್ನುತ್ತ ಆಕೆ ಬೇರ್ಪಡಿಸುತ್ತ ಹೋದಳು. "ನನ್ನದು" ಎಂದಾಗಲೆಲ್ಲ ಸೆಲೀನಾ ಬಿಚ್ಚಿ ನೋಡಿದಳು. ಆಮೇಲೆ ಬಿಚ್ಚುವುದನ್ನು ಬಿಟ್ಟಳು. ಚುಕ್ಕೆ ಕಂಡು ಎಲೆ ಬರೆಯುವಾಗ ಇದ್ದ ಅದೇ ಮುತುವರ್ಜಿಯಿಂದ ದೊಡ್ಡಮ್ಮ ತನ್ನ ಎಲೆಗಳನ್ನು ಹೊರಗೆ ಎತ್ತಿಡುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ.

ಎರಡನೆಯ ಪೆಟ್ಟಿಗೆಯ ಅರ್ಧಕ್ಕೆ ಬಂದಾಗ ಪಾಯ್ಸರ್ ಏದುಸಿರು ಬಿಡುತ್ತ ಬಂದರು. ಮೂವರನ್ನೂ ಕೆಲಸದಿಂದ ತೆಗೆದಿದ್ದೇನೆ ಎಂದರು, ಗುಮಾಸ್ತನ ಮೇಲೂ ದೂರು ಕೊಡುತ್ತೇನೆ ಎಂದರು, ಈ ಚುಕ್ಕೆಯ ಪ್ಲಗ್ಗುಗಳ ಕೂಲಿಯನ್ನು ಕಡೆದವರಿಂದ ಒಂದು ಪೆನ್ನಿಯೂ ಬಿಡದೆ ಮುರಿದುಕೊಳ್ಳುತ್ತೇನೆ ಎಂದರು. ಜೇಬೆಜ್ ಸಲಾಕೆ ಕೆಳಗಿಟ್ಟ.

"ಅವರಿಂದ ಯಾಕೆ ಮುರೀತೀರಿ ಸಾರ್? ಚುಕ್ಕೆ ನನ್ನ ಭಟ್ಟಿಯದು. ಮೇಲಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉದುರ್ತಿದೆ. ಹೇಳಿದ್ರೆ ಭಟ್ಟಿ ನಿಲ್ಲಿಸ್ತೀರಿ ಅಂತ ನಾನೂ ಬಾಯಿ ಬಿಟ್ಟಿರ್ಲಿಲ್ಲ. ಮುರಿಯೋದಾದ್ರೆ ನಂದು ಮುರೀರಿ."

ಇಡೀ ಅಂಗಳದೆದುರು ತನ್ನ ಭಟ್ಟಿಗಾಗಿ ಎದೆ ಸೆಟೆದು ನಿಂತಿದ್ದ ಮನುಷ್ಯ ಹೀಗೆ ಹೇಳುತ್ತಾನೆಂದು ಸೆಲೀನಾ ಎಣಿಸಿರಲಿಲ್ಲ. ಪಾಯ್ಸರ್ ಕೂಡ ಎಣಿಸಿರಲಿಲ್ಲ. ಅವರು ಖಾಲಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತು, ಟೋಪಿ ತೆಗೆದು, ದೊಡ್ಡಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಿಚ್ಚಿದ ಪ್ಲಗ್ಗುಗಳಿಗೆ ಕಾಗದ ಸುತ್ತತೊಡಗಿದರು. ಸುತ್ತಲು ಬರುತ್ತಿರಲಿಲ್ಲ, ಸೆಲೀನಾ ಅದಕ್ಕೂ ಬೈದಳು.

ಪೆಟ್ಟಿಗೆಗಳು ಅದೇ ಸಂಜೆಯ ರೈಲಿಗೆ ಹೋದವು, ಕಾಲುಭಾಗ ಕಡಿಮೆಯಾಗಿ. ಕಂಪನಿಯವರು ಕಡಿಮೆ ಬಂತೆಂದು ಗೊಣಗಿದರು, ಆರ್ಡರನ್ನು ಸದ್ಯಕ್ಕೆ ಉಳಿಸಿದ್ದಾರೆ. ಬಂಗಾರದ ಕುಡಿ ಹೋಗಿ ಈಗ ಪಿಂಗಾಣಿ ಬರೀ ಬಿಳಿ. ಗುರುತನ್ನು ಕೆಳಗಿನ ಲೋಹದ ಮೇಲೆ ಒತ್ತುತ್ತಾರೆ. ಮಾಲೀಕರು ಅದನ್ನು ಇನ್ನೂ ಸಾವಿನ ಮನೆಯ ಸುದ್ದಿಯಂತೆ ಹೇಳಿಕೊಳ್ಳುತ್ತಾರೆ. ಮೂವರ ಕೆಲಸವೂ ಉಳಿಯಿತು, ಭಟ್ಟಿಯ ಪಟ್ಟಿ ಬದಲಾಯಿತು. ಚುಕ್ಕೆ ಬಿದ್ದದ್ದಕ್ಕೆ ಕಡೆದವರ ಕೂಲಿ ಮುರಿಯುವುದನ್ನು ಪಾಯ್ಸರ್ ಪ್ಲಗ್ಗಿನ ವಿಭಾಗದ ಮಟ್ಟಿಗೆ ನಿಲ್ಲಿಸಿದ್ದಾರೆ. ಇದು ತಾತ್ಕಾಲಿಕ ಎಂದು ಪ್ರತಿ ಶುಕ್ರವಾರ ನೆನಪಿಸುತ್ತಾರೆ. ಬಟ್ಟಲಿನ ವಿಭಾಗದಲ್ಲಿ ಹಳೆಯದೇ ನಡೆಯುತ್ತಿದೆ. ಅಲ್ಲಿ ಈಗಲೂ ಎಲೆಗಳು ಹೆಚ್ಚುತ್ತಲೇ ಇವೆ. 

ಕೆಜಾಯಾ ಈಗ ಕತ್ತಲ ಕೋಣೆಯ ಹೊರಗೆ, ಬಾಗಿಲ ಪಕ್ಕದಲ್ಲೇ ಕೂರುತ್ತಾಳೆ. ಕೊಳವೆಗಳನ್ನು ಬೆರಳಲ್ಲಿ ಸವರಿ ಉಬ್ಬು, ತಗ್ಗು, ಬಿರುಕು ಹುಡುಕುವುದು ಆಕೆಯ ಕೆಲಸ. ಬಾಗಿಲು ಕಾಯುವುದೂ ಆಕೆಯ ಕೆಲಸವೇ, ಅದನ್ನು ಮಾತ್ರ ಮಾಡುವುದಿಲ್ಲ. ಬಂದವರನ್ನೆಲ್ಲ "ಹೋಗು, ಒಳಗೇ ಇದ್ದಾಳೆ" ಎಂದು ಕಳಿಸುತ್ತಾಳೆ. ಮಧ್ಯಾಹ್ನ ಇಬ್ಬರೂ ತೆಳು ರೊಟ್ಟಿಯಂಥ ಓಟ್‌ಕೇಕಿನಲ್ಲಿ ಚೀಸ್ ಸುತ್ತಿಕೊಂಡು ತಿನ್ನುತ್ತ ಅದಕ್ಕೇ ಜಗಳವಾಡುತ್ತಾರೆ. ಒಮ್ಮೊಮ್ಮೆ ಜೇಬೆಜ್ ಬಂದು ಕೂತು ಇಬ್ಬರ ಕಡೆಗೂ ಸ್ವಲ್ಪ ಸ್ವಲ್ಪ ಎಣ್ಣೆ ಸುರಿಯುತ್ತಾನೆ.

ಬರೆಯುವವರು ಕೊನೆಗೆ ಕೇಳುವ ಪ್ರಶ್ನೆಯೊಂದಿದೆ, ಅದನ್ನೂ ಕೇಳಿದ್ದಾಯಿತು: ನಿಮಗೇನಾದರೂ ಆಸೆ ಇದೆಯೇ, ಒಮ್ಮೆ ವಿಮಾನ ಹತ್ತಬೇಕು ಎಂದು? ಸೆಲೀನಾ ಕತ್ತಲಲ್ಲೇ ನಿಟ್ಟುಸಿರು ಬಿಟ್ಟಳು, ಅದೂ ಒಂದು ಪ್ಲಗ್ಗಿನ ಮೇಲೆ.

"ಎಲ್ಲಾರೂ ಅದನ್ನೇ ಕೇಳ್ತಾರೆ. ನಂಗೆ ಏಣಿ ಹತ್ತಿದ್ರೇ ತಲೆ ಸುತ್ತುತ್ತೆ" ಎಂದಳು.

ಹಿಡಿಕೆ ತಿರುಗಿತು, ಕಿಡಿ ಹಾರಿತು, ಪ್ಲಗ್ ಬಲಗಡೆಯ ತಟ್ಟೆಗೆ ಹೋಯಿತು. ಇನ್ನೊಂದನ್ನು ಎತ್ತಿಕೊಂಡ ಕೈ ಅಲ್ಲೇ ನಿಂತಿತು. ಜನವರಿಯ ಒಣ ಚಳಿಯಲ್ಲಿ ಪಾಸಾದ ನಾಲ್ಕೆಲೆಯವು ಪೆಟ್ಟಿಗೆಗಳಲ್ಲಿ ಹೋಗಿದ್ದವು ಎಂದು ಹೇಳಿದಳು, ದನಿ ತಗ್ಗಿಸಿ. ಪಾಯ್ಸರ್ ಅವರ ಪ್ರಾಣ ತಿಂದು ತಂತಿ ಕಳಿಸಿದ್ದಾಯಿತು. ಕಂಪನಿಯವರು ಹುಡುಕಿ ಸಿಕ್ಕಷ್ಟನ್ನು ಹಿಂದಕ್ಕೆ ಕಳಿಸಿದರು. ಸಿಗದವು ಯಾವ ವಿಮಾನದಲ್ಲಿವೆಯೋ, ಯಾವಾಗಲೋ ಸವೆದು ಹೋದವೋ ಅವರಿಗೂ ತಿಳಿಯದು. ಈ ಪ್ಲಗ್ಗುಗಳ ಆಯುಷ್ಯವೇ ಕಡಿಮೆ, ಇಷ್ಟರಲ್ಲಿ ಕಿತ್ತು ಬಿಸಾಡಿರಬೇಕು. ಬೇಸಗೆಯಿಂದ ಆಗೊಮ್ಮೆ ಈಗೊಮ್ಮೆ ಊರಿನ ಮೇಲೆ ವಿಮಾನ ಹೋಗುತ್ತದೆ. ಜನ ಹೊಗೆಯೊಳಗೆ ಏನೂ ಕಾಣದಿದ್ದರೂ ಬೀದಿಗೆ ಓಡಿ ತಲೆಯೆತ್ತುತ್ತಾರೆ. ದೊಡ್ಡಮ್ಮ ಓಡುವುದಿಲ್ಲ. ಇದ್ದಲ್ಲೇ ಕೂತು, ಸದ್ದು ಪೂರ್ತಿ ದೂರವಾಗುವವರೆಗೆ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದಿರುತ್ತಾಳೆ. ಆಮೇಲೆ ಬಾಗಿಲು ತೆಗೆದು ಕೇಳುತ್ತಾಳೆ, "ದಾಟ್ತಾ?" ಅದೊಂದು ಸಲ ಮಾತ್ರ ಬಾಗಿಲು ತೆಗೆದದ್ದಕ್ಕೆ ಸೆಲೀನಾ ಬೈಯುವುದಿಲ್ಲ.

"ಆಸೆ ಕೇಳಿದ್ರಲ್ಲ, ಬರ್ಕೊಳ್ಳಿ" ಎಂದಳು. "ಆ ಜನವರಿಯವು ಎಲ್ಲಾ ಕಸದ ಗುಂಡಿಗೆ ಬಿದ್ದಿರ್ಲಿ. ಈ ಊರಲ್ಲಿ ತಾನು ಪಾಸ್ ಮಾಡಿದ್ದು ಕಸಕ್ಕೆ ಹೋಗ್ಲಿ ಅಂತ ದಿನಾ ರಾತ್ರಿ ಬೇಡ್ಕೊಳ್ಳೋಳು ನಾನೊಬ್ಬಳೇ ಇರ್ಬೇಕು."

ಅಷ್ಟು ಹೇಳಿ, ಕೈಯಲ್ಲಿದ್ದ ಪ್ಲಗ್ಗಿನ ಮೇಲೆ "ಹಾ" ಎಂದು ಉಸಿರು ಬಿಟ್ಟಳು.